ಬಿಸಿಲ ನಾಡಿನ ಕ್ಯಾಂಪಿಂಗ್ ಟ್ರೇಲರ್‌ಗೆ ಸ್ವಂತ ಕರೆಂಟ್: ಲೆಕ್ಕದಿಂದ ಜೋಡಣೆವರೆಗೆ

ಕಲಬುರಗಿ, ಯಾದಗಿರಿ ಕಡೆ ಸೋಲಾರ್ ಹಾಕುತ್ತೇನೆ ಅಂದರೆ ಎಲ್ಲರೂ ಹೇಳುವ ಮಾತು ಒಂದೇ: "ನಮ್ಮ ಕಡೆ ಬಿಸಿಲಿಗೇನು ಕಮ್ಮಿ?" ಕಮ್ಮಿ ಇಲ್ಲ, ನಿಜ. ಆದರೆ ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು. ಅದರ ಜೊತೆ ಬರುವ ಕಾವು ಯಾರಿಗೂ ಬೇಡ. ಮೇ ತಿಂಗಳ 42-43 ಡಿಗ್ರಿ ಕಾವಿಗೆ ಪ್ಯಾನೆಲ್ ಕೊಡುವ ಕರೆಂಟ್ ಇಳಿಯುತ್ತದೆ, ಬ್ಯಾಟರಿಯ ಆಯುಷ್ಯ ತಗ್ಗುತ್ತದೆ. ತಗಡಿನ ಟ್ರೇಲರ್ ಒಳಗೆ ಮಲಗಿದವರಿಗೆ ಒಂದು ಫ್ಯಾನ್ ಸಾಲುವುದಿಲ್ಲ. ಹಾಗಾಗಿ ತಂಪು ದೇಶದವರು ಬರೆದ ಪಟ್ಟಿ ನೋಡಿಕೊಂಡು ಸಾಮಾನು ತಂದರೆ ಇಲ್ಲಿ ಹೊಂದುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಕಾರು ಅಥವಾ ಜೀಪಿನ ಹಿಂದೆ ಎಳೆಯುವ ಸಣ್ಣ ಟ್ರೇಲರ್‌ಗೆ. ನಾಲ್ಕು ಜನ, ಎರಡು-ಮೂರು ರಾತ್ರಿ. ಚಿಂಚೋಳಿಯ ಚಂದ್ರಂಪಳ್ಳಿ, ನಾರಾಯಣಪುರ ಡ್ಯಾಂ ಕಡೆ, ಬಸವಕಲ್ಯಾಣ, ಇಂಥ ಜಾಗಗಳು. ಮೈಲಾಪುರ ಮಲ್ಲಯ್ಯನ ಜಾತ್ರೆಗೋ ಗಾಣಗಾಪುರಕ್ಕೋ ಟ್ರ್ಯಾಕ್ಟರ್ ಟ್ರಾಲಿಗೆ ತಾಡಪತ್ರಿ ಕಟ್ಟಿಕೊಂಡು ಹೋಗುವವರಿಗೂ ಇದೇ ಲೆಕ್ಕ ನಡೆಯುತ್ತದೆ.

1. ಅಂಗಡಿಗೆ ಹೋಗುವ ಮುಂಚೆ ಕಾಗದ ತಗೊಳ್ಳಿ

ಪ್ಯಾನೆಲ್ ಎಷ್ಟು ದೊಡ್ಡದು ಬೇಕು ಅಂತ ಕೇಳುವ ಮೊದಲು ದಿನಕ್ಕೆ ಎಷ್ಟು ಕರೆಂಟ್ ಬೇಕು ಅಂತ ಬರೆಯಿರಿ. ಸಾಮಾನಿನ ವ್ಯಾಟ್ ಅನ್ನು ಅದು ಓಡುವ ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಸಿಗುತ್ತದೆ. ಅಂಥ 1000 ಸೇರಿದರೆ ಮನೆ ಬಿಲ್ಲಿನ ಒಂದು ಯೂನಿಟ್.

ನಾಲ್ಕು ಜನರ ಬೇಸಿಗೆ ಲೆಕ್ಕ ಹೀಗಿರುತ್ತದೆ. 20 ವ್ಯಾಟಿನ ಎರಡು 12 ವೋಲ್ಟ್ ಡಿಸಿ ಫ್ಯಾನ್ (ಬ್ಯಾಟರಿಯಿಂದ ನೇರ ಓಡುವಂಥದ್ದು), ರಾತ್ರಿ ಎಂಟು ಗಂಟೆ, ಮಧ್ಯಾಹ್ನ ಎರಡು ಗಂಟೆ: 400. ಐದು ವ್ಯಾಟಿನ ಮೂರು ಎಲ್‌ಇಡಿ ದೀಪ, ನಾಲ್ಕು ಗಂಟೆ: 60. ನಾಲ್ಕು ಮೊಬೈಲ್, ಒಂದಕ್ಕೆ 20ರಂತೆ: 80. ನೀರಿನ ಸಣ್ಣ ಪಂಪು ಇದ್ದರೆ 15. ಒಟ್ಟು 555. ಬ್ಯಾಟರಿ, ವೈರುಗಳಲ್ಲಿ ಸೋರಿ ಹೋಗುವುದಕ್ಕೆ ಶೇ. 20 ಸೇರಿಸಿ. ಹತ್ತಿರ ಹತ್ತಿರ 670 ವ್ಯಾಟ್-ಗಂಟೆ.

ನೋಡಿ, ಮುಕ್ಕಾಲು ಭಾಗ ಫ್ಯಾನಿಗೇ ಹೋಯಿತು. ಮನೆಯಲ್ಲಿರುವ ಸಾಮಾನ್ಯ ಫ್ಯಾನು 50ರಿಂದ 75 ವ್ಯಾಟ್ ಎಳೆಯುತ್ತದೆ, ಮೇಲೆ ಅದಕ್ಕೆ ಇನ್ವರ್ಟರ್ ಬೇರೆ ಬೇಕು. ಆದ್ದರಿಂದ ದುಡ್ಡು ಉಳಿಸುವ ಜಾಗ ಫ್ಯಾನ್ ಅಲ್ಲ. ಒಳ್ಳೆಯ ಡಿಸಿ ಫ್ಯಾನಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಬ್ಯಾಟರಿ, ಪ್ಯಾನೆಲ್ ಎರಡರಲ್ಲೂ ಅದು ವಾಪಸ್ ಬರುತ್ತದೆ. ಡಿಸೆಂಬರ್‌ನಲ್ಲಿ ಬೀದರ್ ಕಡೆ ಹೋದರೆ ಫ್ಯಾನೇ ಬೇಡ, ಆಗ ದಿನದ ಖರ್ಚು 200ರ ಒಳಗೇ ಮುಗಿಯುತ್ತದೆ.

ಕೂಲರ್ ಬೇಕೇ ಬೇಕು ಅನ್ನುವವರಿದ್ದಾರೆ. 12 ವೋಲ್ಟಿನ ಸಣ್ಣ ಕೂಲರ್ ಸಿಗುತ್ತದೆ, ಹಿಂದೆ ಅಂಟಿಸಿದ ಚೀಟಿಯಲ್ಲಿ ವ್ಯಾಟ್ ನೋಡಿ ಲೆಕ್ಕಕ್ಕೆ ಸೇರಿಸಿ. ಒಣ ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಶುರುವಾದ ಮೇಲೆ ಮೈ ಅಂಟಂಟು ಮಾಡುವುದು ಬಿಟ್ಟರೆ ಏನೂ ಪ್ರಯೋಜನವಿಲ್ಲ. ಕುಡಿಯುವ ನೀರು ಹೊತ್ತು ತಂದ ಜಾಗದಲ್ಲಿ ಕೂಲರಿಗೆ ಒಂದು ಕೊಡ ನೀರು ಸುರಿಯಬೇಕು ಅನ್ನುವುದೂ ನೆನಪಿರಲಿ.

12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇಟ್ಟರೆ ಇಲ್ಲಿಯ ಕಾವಿಗೆ ದಿನಕ್ಕೆ 500ರಷ್ಟು ಬೇರೆ ಬೇಕು. ಲೆಕ್ಕ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಎರಡು ದಿನದ ಮಟ್ಟಿಗೆ ಐಸ್ ತುಂಬಿದ ಡಬ್ಬ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇಂಡಕ್ಷನ್ ಒಲೆ, ಗೀಸರ್, ಎಸಿ ಮಾತು ಬೇಡ. 1500 ವ್ಯಾಟಿನ ಒಲೆ 12 ವೋಲ್ಟಿನಲ್ಲಿ 125 ಆಂಪ್‌ಗೂ ಜಾಸ್ತಿ ಎಳೆಯುತ್ತದೆ. ಸಣ್ಣ ಗ್ಯಾಸ್ ಒಲೆ ಒಯ್ಯಿರಿ.

2. ಬ್ಯಾಟರಿ

ಎರಡು ದಾರಿ. ಒಂದು, ಮನೆ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿ. ಇನ್ನೊಂದು, ಲಿಥಿಯಂ ಐರನ್ ಫಾಸ್ಫೇಟ್.

ಟ್ಯೂಬ್ಯುಲರ್ ಎಲ್ಲ ಕಡೆ ಸಿಗುತ್ತದೆ, ಯಾವ ಊರಿನ ಮೆಕ್ಯಾನಿಕ್‌ಗಾದರೂ ಗೊತ್ತು. ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಬ್ಯಾಟರಿ ಮೇಲೆ ಬರೆದ ಆಂಪ್-ಅವರ್ ಅನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಗಂಟೆ. 150 ಆಂಪ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇದ್ದರೂ ನಿಮಗೆ ಸಿಗುವುದು 900. ತೂಕ 50 ಕಿಲೋಗೂ ಮೇಲೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಮಲಗುವ ಜಾಗದಲ್ಲಿ ತೆರೆದಿಡುವಂತಿಲ್ಲ. ಮುಚ್ಚಿದ ಡಬ್ಬದಲ್ಲಿಟ್ಟು, ಡಬ್ಬದ ಮೇಲ್ಭಾಗದಿಂದ ಪೈಪು ಹೊರಗೆ ಬಿಡಬೇಕು. ಕೆಟ್ಟ ರಸ್ತೆಯಲ್ಲಿ ಆಸಿಡ್ ಚೆಲ್ಲುವ ಭಯ ಬೇರೆ.

ಲಿಥಿಯಂ ಐರನ್ ಫಾಸ್ಫೇಟ್ 12.8 ವೋಲ್ಟ್, 100 ಆಂಪ್-ಅವರ್ ಅಂದರೆ 1280 ವ್ಯಾಟ್-ಗಂಟೆ. ಶೇ. 80 ಬಳಸಿದರೂ 1000ಕ್ಕೆ ಮೋಸವಿಲ್ಲ. ನಮ್ಮ 670ರ ಲೆಕ್ಕದಲ್ಲಿ ಒಂದೂವರೆ ದಿನ ಮೋಡ ಕವಿದಿದ್ದರೂ ನಡೆಯುತ್ತದೆ. ತೂಕ 12 ಕಿಲೋ ಆಸುಪಾಸು. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಟ್ರೇಲರ್‌ಗೆ ನಾನು ಇದನ್ನೇ ಹೇಳುತ್ತೇನೆ. ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಒಳಗೇ ಇರುವ, ಬಿಲ್ಲು-ವಾರಂಟಿ ಕೊಡುವ ಬ್ಯಾಟರಿ ತಗೊಳ್ಳಿ. ಹಳೆಯ ಸೆಲ್ ಜೋಡಿಸಿ ಅಗ್ಗಕ್ಕೆ ಮಾರುವವರೂ ಇದ್ದಾರೆ, ಅಂಥದ್ದರ ಪಕ್ಕ ಮಕ್ಕಳನ್ನು ಮಲಗಿಸಬೇಡಿ.

ಎಲ್ಲಿ ಇಡಬೇಕು? ಇದಕ್ಕೆ ನಮ್ಮ ಕಡೆ ಹೆಚ್ಚು ಯೋಚನೆ ಬೇಕು. ಲೆಡ್ ಆಸಿಡ್ ಬ್ಯಾಟರಿಯ ಕಾವು ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಲಿಥಿಯಂಗೂ ಬಿಸಿ ಆಗದು, ಮಿತಿ ಮೀರಿದರೆ ಬಿಎಂಎಸ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಬಹಳ ಜನ ಟ್ರೇಲರಿನ ಮೂತಿಯ ಮೇಲೆ ಕಬ್ಬಿಣದ ಪೆಟ್ಟಿಗೆ ಬೆಸುಗೆ ಹಾಕಿಸಿ ಅದರಲ್ಲಿ ಬ್ಯಾಟರಿ ಇಡುತ್ತಾರೆ. ಮೇ ತಿಂಗಳ ಮಧ್ಯಾಹ್ನ ಆ ಪೆಟ್ಟಿಗೆ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಲಿಥಿಯಂ ಆದರೆ ಟ್ರೇಲರ್ ಒಳಗೆ, ನೆಲಮಟ್ಟದಲ್ಲಿ, ಗಾಲಿಯ ಅಚ್ಚಿನ ಹತ್ತಿರ ಇಡಿ. ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ತಾಗಿಸಬೇಡಿ. ಪಟ್ಟಿ ಹಾಕಿ ಬಿಗಿದು ಕಟ್ಟಿ. ಗ್ಯಾಸ್ ಸಿಲಿಂಡರ್ ಇರುವ ಪೆಟ್ಟಿಗೆಯಲ್ಲಿ ಮಾತ್ರ ಬ್ಯಾಟರಿ ಬೇಡವೇ ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ತಳದಲ್ಲೇ ನಿಲ್ಲುತ್ತದೆ, ಒಂದು ಕಿಡಿ ಸಾಕು.

3. ಪ್ಯಾನೆಲ್: ಮಾಳಿಗೆ ಮೇಲೋ, ನೆಲದ ಮೇಲೋ?

ಟ್ರೇಲರಿನ ಮಾಳಿಗೆ ಮೇಲೆ ಪ್ಯಾನೆಲ್ ಕೂರಿಸುವುದು ಎಲ್ಲರೂ ಮಾಡುವ ಕೆಲಸ. ನೋಡಲು ಚಂದ, ಕಳ್ಳರ ಭಯ ಕಮ್ಮಿ, ಓಡುವಾಗಲೂ ಚಾರ್ಜ್. ಆದರೆ ಪ್ಯಾನೆಲ್ ಬಿಸಿಲಲ್ಲಿ ಇರಬೇಕಾದರೆ ಟ್ರೇಲರೂ ಬಿಸಿಲಲ್ಲೇ ನಿಲ್ಲಬೇಕಲ್ವಾ? ಯಾದಗಿರಿಯ ಮೇ ಬಿಸಿಲಿನಲ್ಲಿ ನಿಂತ ತಗಡಿನ ಡಬ್ಬ ರಾತ್ರಿ ಹತ್ತಾದರೂ ತಣಿಯುವುದಿಲ್ಲ. ಅದನ್ನು ತಣಿಸಲು ಮತ್ತೆ ಫ್ಯಾನು, ಫ್ಯಾನಿಗೆ ಮತ್ತೆ ಕರೆಂಟ್.

ಅದಕ್ಕೇ ಟ್ರೇಲರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಪ್ಯಾನೆಲನ್ನು ಬಿಸಿಲಿಗೆ ಇಡಿ. ನಡುವೆ 10 ಮೀಟರ್ ವೈರು. ಈ ಒಂದು ಬದಲಾವಣೆ ಎಲ್ಲ ದುಬಾರಿ ಸಾಮಾನಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

100 ವ್ಯಾಟಿನ ಎರಡು ಪ್ಯಾನೆಲ್ ತಗೊಂಡು ನಡುವೆ ಕೀಲು ಹಾಕಿಸಿ. ಗಾಜು ಒಳಗೆ ಬರುವಂತೆ ಮಡಚಿದರೆ ಸೂಟ್‌ಕೇಸ್ ಹಾಗೆ ಒಯ್ಯಬಹುದು. ಹಿಂದೆ ಅಲ್ಯೂಮಿನಿಯಂ ಆಂಗಲ್ಲಿನ ಕಾಲು, ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಸಂಜೆ ಗಾಳಿ ಎದ್ದರೆ ಪ್ಯಾನೆಲ್ ಮಗುಚುತ್ತದೆ. ಕಾಲಿಗೆ ಗೂಟ ಹೊಡೆಯಿರಿ, ಇಲ್ಲವೇ ಮೇಲೊಂದು ಪರ್ಸಿ ಕಲ್ಲು ಹೇರಿ. ಆಡು-ಕುರಿ ಬರುವ ಜಾಗವಾದರೆ ಸುತ್ತ ಹಗ್ಗ ಕಟ್ಟಿ. ರಾತ್ರಿ ಒಳಗೆ ತಗೊಂಡುಬಿಡಿ, ಇಲ್ಲವೇ ಸರಪಳಿ-ಬೀಗ ಹಾಕಿ.

ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಚಳಿಗಾಲದಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಚೆನ್ನಾಗಿ ವಾಲಿರಲಿ. ಮೇ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣಕ್ಕೆ ವಾಲಿಸಿ ಉಪಯೋಗವಿಲ್ಲ, ಸುಮ್ನೆ ಚಪ್ಪಟೆಯಾಗಿ ಇಡಿ. ಬೆಳಿಗ್ಗೆ ಪೂರ್ವಕ್ಕೆ, ಮೂರು ಗಂಟೆ ಮೇಲೆ ಪಶ್ಚಿಮಕ್ಕೆ ತಿರುಗಿಸಿದರೆ ಇನ್ನಷ್ಟು ಸಿಗುತ್ತದೆ.

200 ವ್ಯಾಟಿಗೆ ಎಷ್ಟು ಬರುತ್ತದೆ? ಪ್ಯಾನೆಲಿನ ಮೇಲೆ ಬರೆದ ವ್ಯಾಟ್, ಸೆಲ್ 25 ಡಿಗ್ರಿ ಇದ್ದಾಗಿನದು. ಬೇಸಿಗೆಯಲ್ಲಿ ಸೆಲ್ 65 ಡಿಗ್ರಿ ಮುಟ್ಟುತ್ತದೆ. ಒಂದೊಂದು ಡಿಗ್ರಿಗೆ ಶೇ. 0.35ರಿಂದ 0.4 ಇಳಿಯುತ್ತದೆ, ಅಂದರೆ ಬರೀ ಕಾವಿಗೇ ಶೇ. 15ರಷ್ಟು ಹೋಯಿತು. ಧೂಳು, ಉಳಿದ ನಷ್ಟ ಸೇರಿಸಿ ಮುಕ್ಕಾಲು ಭಾಗ ಸಿಗುತ್ತದೆ ಅಂದುಕೊಳ್ಳಿ. ದಿನಕ್ಕೆ ಐದು ಗಂಟೆ ಪೂರ್ತಿ ಬಿಸಿಲಿನ ಲೆಕ್ಕದಲ್ಲಿ 200 × 5 × 0.75, ಅಂದರೆ 750. ನಮಗೆ ಬೇಕಾದ್ದು 670. ಮಳೆಗಾಲದ ಮೋಡದಲ್ಲಿ ಇದು ಅರ್ಧಕ್ಕೆ ಇಳಿಯಬಹುದು, ಆದರೆ ಆಗ ಫ್ಯಾನಿನ ಖರ್ಚೂ ಇಳಿಯುತ್ತದೆ. ಫ್ರಿಜ್ ಇಡುವವರು 400 ವ್ಯಾಟ್ ಪ್ಯಾನೆಲ್, 200 ಆಂಪ್-ಅವರ್ ಬ್ಯಾಟರಿ ನೋಡಬೇಕು.

ಮಾಳಿಗೆ ಮೇಲೇ ಬೇಕು ಅನ್ನುವವರು ತಗಡಿಗೂ ಪ್ಯಾನೆಲಿಗೂ ನಡುವೆ ಐದಾರು ಸೆಂಟಿಮೀಟರ್ ಸಂದು ಬಿಡಿ. ಪ್ಯಾನೆಲ್ ತಣ್ಣಗಿರುತ್ತದೆ, ತಗಡಿಗೂ ನೆರಳಾಗುತ್ತದೆ. ಬರೀ ಗೋಂದು, ಟೇಪಿನ ಮೇಲೆ ನಂಬಿಕೆ ಬೇಡ. ಸ್ಟೀಲ್ ಬೋಲ್ಟ್, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್, ತೂತಿಗೆ ಸೀಲೆಂಟ್. ಬಾಗುವ ತೆಳು ಪ್ಯಾನೆಲನ್ನು ತಗಡಿಗೆ ಅಂಟಿಸಿದರೆ ಕೆಳಗೆ ಗಾಳಿ ಆಡದೆ ಸುಡುತ್ತದೆ. ನಮ್ಮ ಕಡೆಗೆ ಅದು ಹೊಂದುವುದಿಲ್ಲ.

4. ಚಾರ್ಜ್ ಕಂಟ್ರೋಲರ್

ಪ್ಯಾನೆಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬಿಸುವ ಡಬ್ಬ ಇದು. ಎರಡು ಜಾತಿ: ಪಿಡಬ್ಲ್ಯೂಎಂ ಅಗ್ಗ, ಎಂಪಿಪಿಟಿ ದುಬಾರಿ. ಇಲ್ಲಿ ಎಂಪಿಪಿಟಿಯೇ ಬೇಕು, ಕಾರಣ ಆ 10 ಮೀಟರ್ ವೈರು. ಎರಡು ಪ್ಯಾನೆಲನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಬರುವಂತೆ ಜೋಡಿಸಿದರೆ ವೋಲ್ಟ್ ಎರಡರಷ್ಟಾಗಿ 36-38ಕ್ಕೆ ಹೋಗುತ್ತದೆ, ಕರೆಂಟ್ ಐದು ಆಂಪ್ ಆಸುಪಾಸಿನಲ್ಲೇ ಉಳಿಯುತ್ತದೆ. ಕರೆಂಟ್ ಕಡಿಮೆಯಾದರೆ ವೈರಿನಲ್ಲಿ ಸೋರುವುದೂ ಕಡಿಮೆ. 4 ಸ್ಕ್ವೇರ್ ಎಂಎಂ ಸೋಲಾರ್ ವೈರಿನಲ್ಲಿ ಹೋಗಿ-ಬರುವ 20 ಮೀಟರ್‌ಗೆ ಅರ್ಧ ವೋಲ್ಟಷ್ಟೇ ಬೀಳುತ್ತದೆ. ಆ ಮೇಲಿನ ವೋಲ್ಟನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿ, ಅದಕ್ಕೆ ತಕ್ಕ ಕರೆಂಟ್ ಏರಿಸಿ ಕೊಡುವುದು ಎಂಪಿಪಿಟಿಗೆ ಮಾತ್ರ ಸಾಧ್ಯ.

20 ಆಂಪಿನದು ಸಾಕು. ಪ್ಯಾನೆಲ್ ಕಡೆಯಿಂದ ಕನಿಷ್ಠ 75 ವೋಲ್ಟ್ ತಡೆಯಬೇಕು. ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಜಾತಿ ಸರಿಯಾಗಿ ಆರಿಸಿ. ಲಿಥಿಯಂ ಐರನ್ ಫಾಸ್ಫೇಟ್ ತುಂಬುವುದು 14.2ರಿಂದ 14.6 ವೋಲ್ಟಿನಲ್ಲಿ, ನಿಮ್ಮ ಬ್ಯಾಟರಿಯ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಾಕಿ. ಕೆಲವು ಅಗ್ಗದ ಡಬ್ಬಗಳ ಮೇಲೆ ಎಂಪಿಪಿಟಿ ಅಂತ ಬರೆದಿರುತ್ತದೆ, ಒಳಗೆ ಪಿಡಬ್ಲ್ಯೂಎಂ ಇರುತ್ತದೆ. ಅಂಗಡಿಯಲ್ಲೇ ಒಮ್ಮೆ ಹಾಕಿ ನೋಡಿ: ಪ್ಯಾನೆಲ್ ಕಡೆಯ ಕರೆಂಟಿಗಿಂತ ಬ್ಯಾಟರಿ ಕಡೆಯದು ಜಾಸ್ತಿ ಇದ್ದರೆ ನಿಜವಾದದ್ದು.

5. ವೈರು ಮತ್ತು ಫ್ಯೂಸ್

12 ವೋಲ್ಟ್ ಹೊಡೆಯುವುದಿಲ್ಲ, ಹಾಗಂತ ಹಗುರವಾಗಿ ನೋಡುತ್ತಾರೆ. ಶಾಕ್ ಇಲ್ಲ, ನಿಜ. ಬೆಂಕಿ ಇದೆ. ಒಂದೇ ವ್ಯಾಟಿಗೆ 230 ವೋಲ್ಟಿಗಿಂತ 12 ವೋಲ್ಟಿನಲ್ಲಿ ಸುಮಾರು 19 ಪಟ್ಟು ಕರೆಂಟ್ ಹರಿಯುತ್ತದೆ. ಮನೆಗೆ ಹಾಕುವ ಅಳತೆಯ ವೈರು ಇಲ್ಲಿ ನಡೆಯುವುದಿಲ್ಲ.

10 ಆಂಪ್ ಕರೆಂಟ್, ಐದು ಮೀಟರ್ ದೂರ, ಅಂದರೆ ಹೋಗಿ ಬರಲು 10 ಮೀಟರ್ ತಾಮ್ರ. 2.5 ಸ್ಕ್ವೇರ್ ಎಂಎಂ ವೈರಾದರೆ 0.74 ವೋಲ್ಟ್ ದಾರಿಯಲ್ಲೇ ಬೀಳುತ್ತದೆ, ಶೇ. 6. ಅದೇ 6 ಸ್ಕ್ವೇರ್ ಎಂಎಂ ಆದರೆ 0.33. ಒಟ್ಟಾರೆ ಶೇ. 3ರ ಒಳಗಿರಲಿ.

ನಮ್ಮ ಲೆಕ್ಕಕ್ಕೆ ಹೀಗೆ ತಗೊಳ್ಳಿ. ಬ್ಯಾಟರಿಯಿಂದ ಮುಖ್ಯ ಫ್ಯೂಸ್, ಸ್ವಿಚ್, ಬಸ್‌ಬಾರ್ (ಎಲ್ಲ ವೈರು ಬಂದು ಸೇರುವ ಲೋಹದ ಪಟ್ಟಿ) ವರೆಗೆ 16 ಸ್ಕ್ವೇರ್ ಎಂಎಂ, 50 ಆಂಪ್ ಫ್ಯೂಸ್. ಕಂಟ್ರೋಲರಿನಿಂದ ಬ್ಯಾಟರಿ ಕಡೆಗೆ 6, ಫ್ಯೂಸ್ 25. ಪ್ರತಿ ಫ್ಯಾನಿಗೆ ಬೇರೆ ಬೇರೆ 2.5, ಫ್ಯೂಸ್ 7.5. ದೀಪಗಳಿಗೆ 1.5, ಫ್ಯೂಸ್ 5. ಮೊಬೈಲ್ ಚಾರ್ಜಿಂಗ್ ಮತ್ತು ಪಂಪಿಗೆ ತಲಾ 2.5, ಫ್ಯೂಸ್ 10. ಇವಕ್ಕೆಲ್ಲ ಕಾರಿನಲ್ಲಿ ಬರುವ ಬ್ಲೇಡ್ ಫ್ಯೂಸು, ಆರೆಂಟು ಮನೆಯ ಫ್ಯೂಸ್ ಬಾಕ್ಸು ಸಾಕು.

ಫ್ಯೂಸ್ ಇರುವುದು ವೈರನ್ನು ಕಾಯಲು. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣು ದೂರದೊಳಗೇ ಇರಬೇಕು. ಎರಡು ಮೀಟರ್ ಆಚೆ ಹಾಕಿದರೆ ಆ ಎರಡು ಮೀಟರಿಗೆ ದಿಕ್ಕಿಲ್ಲ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ಬಿಡಬಲ್ಲದು, ಹಾಗಾಗಿ ಮುಖ್ಯ ಫ್ಯೂಸ್ ಅಷ್ಟು ಕರೆಂಟನ್ನೂ ತಟ್ಟನೆ ಕಡಿಯುವ ಕ್ಲಾಸ್-ಟಿ ಮಾದರಿಯದಾದರೆ ಒಳ್ಳೆಯದು. ಮನೆಯ ಎಸಿ ಎಂಸಿಬಿಯನ್ನು ಇಲ್ಲಿ ತಂದು ಹಾಕಬೇಡಿ. ಡಿಸಿ ಕಿಡಿ ಆರುವುದು ಕಷ್ಟ, ಡಿಸಿಗೆಂದೇ ಮಾಡಿದ ಎಂಸಿಬಿ ಬೇರೆ ಸಿಗುತ್ತದೆ.

ಟ್ರೇಲರಿನ ಚಾಸಿಯನ್ನೇ ಮೈನಸ್ ವೈರಾಗಿ ಬಳಸುವುದು ಹಳೆಯ ಅಭ್ಯಾಸ. ತುಕ್ಕು ಹಿಡಿದ ದಿನದಿಂದ ದೀಪ ಮಿಣುಕುತ್ತದೆ. ಪ್ಲಸ್ಸಿಗೊಂದು, ಮೈನಸ್ಸಿಗೊಂದು ವೈರು ಎಳೆಯಿರಿ. ಎಳೆಎಳೆ ತಾಮ್ರದ ವೈರೇ ಬೇಕು, ಒಂಟಿ ಕಡ್ಡಿಯದು ಅಲುಗಾಟಕ್ಕೆ ಮುರಿಯುತ್ತದೆ. ತುದಿಗೆ ಥಿಂಬಲ್ (ಲೋಹದ ಟೋಪಿ) ಹಾಕಿ ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು. ಸುತ್ತಿಗೆಯಿಂದ ಜಜ್ಜಿದ್ದು, ತಿರುಚಿ ಟೇಪ್ ಸುತ್ತಿದ್ದು ನಡೆಯದು. ನಮ್ಮ ಕಾವಿಗೆ ಟೇಪಿನ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬುಷ್ ಮರೆಯಬೇಡಿ.

6. ಇನ್ವರ್ಟರ್ ಬೇಕಾ?

ಬಹಳ ಜನರಿಗೆ ಬೇಡ. ಲ್ಯಾಪ್‌ಟಾಪ್ ಇದ್ದರೂ 12 ವೋಲ್ಟಿನ ಟೈಪ್-ಸಿ ಚಾರ್ಜರ್ ಸಿಗುತ್ತದೆ. ಇನ್ವರ್ಟರ್ ಸುಮ್ನೆ ಕೂತರೂ ಏಳೆಂಟು ವ್ಯಾಟ್ ನುಂಗುತ್ತದೆ. ದಿನವಿಡೀ ಆನ್ ಇಟ್ಟರೆ 170-190 ವ್ಯಾಟ್-ಗಂಟೆ ಹೋಯಿತು, ಒಂದು ಫ್ಯಾನಿನ ರಾತ್ರಿ ಪೂರ್ತಿಯ ಖರ್ಚಿಗಿಂತ ಜಾಸ್ತಿ. ಬೇಕೇ ಬೇಕಾದರೆ ಮನೆ ಕರೆಂಟಿನಂಥದ್ದೇ ಕೊಡುವ 300 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್ ತಗೊಂಡು ಬ್ಯಾಟರಿಯಿಂದ ಒಂದು ಮೀಟರ್ ಒಳಗೆ, 10 ಸ್ಕ್ವೇರ್ ಎಂಎಂ ವೈರು, 40 ಆಂಪ್ ಫ್ಯೂಸಿನೊಂದಿಗೆ ಹಾಕಿ. ಸಾಮಾನನ್ನು ನೇರ ಅದರ ಸಾಕೆಟ್ಟಿಗೇ ಚುಚ್ಚಿ. ಅಲ್ಲಿಂದ ಟ್ರೇಲರ್ ತುಂಬ 230 ವೋಲ್ಟ್ ವೈರಿಂಗ್ ಮಾಡಿಸಬೇಡಿ.

7. ದಾರಿಯಲ್ಲಿ ಕಾರಿನಿಂದ ಚಾರ್ಜ್

ಮಳೆಗಾಲದಲ್ಲಿ ಹೋಗುವವರಿಗೆ ಇದು ದೊಡ್ಡ ಆಸರೆ. ಕಾರಿನ ಕರೆಂಟನ್ನು ಟ್ರೇಲರಿನ ಬ್ಯಾಟರಿಗೆ ಹದ ಮಾಡಿ ಕೊಡುವ 20 ಆಂಪಿನ ಡಿಸಿ-ಡಿಸಿ ಚಾರ್ಜರ್ ಗಂಟೆಗೆ 250 ವ್ಯಾಟ್-ಗಂಟೆ ತುಂಬುತ್ತದೆ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್ ಮುಟ್ಟುವಷ್ಟರಲ್ಲಿ ಮುಕ್ಕಾಲು ದಿನದ ಕರೆಂಟ್ ಸೇರಿರುತ್ತದೆ. ಕಾರಿನ ಬ್ಯಾಟರಿಗೂ ಟ್ರೇಲರಿನ ಬ್ಯಾಟರಿಗೂ ನೇರವಾಗಿ ವೈರ್ ಜೋಡಿಸಬೇಡಿ. ಲಿಥಿಯಂ ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರ್ (ಎಂಜಿನ್ನಿನಿಂದ ಕರೆಂಟ್ ಮಾಡುವ ಭಾಗ) ಸುಡಬಹುದು. ಹೊಸ ಕಾರುಗಳಲ್ಲಿ ಆಲ್ಟರ್ನೇಟರಿನ ವೋಲ್ಟ್ ಏರಿಳಿಯುತ್ತಲೂ ಇರುತ್ತದೆ. 10 ಸ್ಕ್ವೇರ್ ಎಂಎಂ ವೈರು, ಎರಡೂ ಬ್ಯಾಟರಿಗಳ ಹತ್ತಿರ 40 ಆಂಪ್ ಫ್ಯೂಸ್, ನಡುವೆ ಕಾರಿನಿಂದ ಟ್ರೇಲರ್ ಬಿಡಿಸಲು ದಪ್ಪ ಆಂಡರ್ಸನ್ ಪ್ಲಗ್. ವಾರಂಟಿಯಲ್ಲಿರುವ ಕಾರಾದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

8. ಜೋಡಿಸುವ ಕ್ರಮ

ಎಲ್ಲ ಫ್ಯೂಸ್ ತೆಗೆದಿಟ್ಟು, ಪ್ಯಾನೆಲ್ ಮಡಚಿಟ್ಟು ಕೆಲಸ ಶುರು ಮಾಡಿ. ಬೆರಳಿನ ಉಂಗುರ, ಕೈಯ ಕಡಗ ತೆಗೆದಿಡಿ. ಮೊದಲು ಬಸ್‌ಬಾರ್, ಫ್ಯೂಸ್ ಬಾಕ್ಸ್, ಕಂಟ್ರೋಲರ್ ಇವನ್ನು ಪ್ಲೈವುಡ್ ಹಲಗೆಯ ಮೇಲೆ ಕೂರಿಸಿ. ಆಮೇಲೆ ಫ್ಯಾನು, ದೀಪಗಳ ವೈರು ಎಳೆಯಿರಿ. ಮಲ್ಟಿಮೀಟರಿನಿಂದ ಪ್ಲಸ್-ಮೈನಸ್ ನಡುವೆ ಶಾರ್ಟ್ ಇಲ್ಲ ಅಂತ ನೋಡಿ. ಬ್ಯಾಟರಿಗೆ ಮೊದಲು ಪ್ಲಸ್, ಕೊನೆಗೆ ಮೈನಸ್ ಕೊಡಿ. ಮುಖ್ಯ ಫ್ಯೂಸ್ ಹಾಕಿ.

ಈಗ ಕಂಟ್ರೋಲರಿಗೆ ಬ್ಯಾಟರಿ ಕೊಡಿ. ಅದು ಆನ್ ಆಗಿ 12 ವೋಲ್ಟ್ ಗುರುತಿಸಿದ ಮೇಲೆಯೇ ಪ್ಯಾನೆಲ್. ಬಿಚ್ಚುವಾಗ ತಿರುವುಮುರುವು: ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಬಿಸಿಲಲ್ಲಿ ಕರೆಂಟ್ ಹರಿಯುತ್ತಿರುವಾಗ ಪ್ಯಾನೆಲ್ ವೈರಿನ ಎಂಸಿ4 ಕನೆಕ್ಟರ್ ಎಳೆದರೆ ಕಿಡಿ ಹಾರುತ್ತದೆ. ಪ್ಯಾನೆಲ್ ಮಡಚಿ, ಇಲ್ಲವೇ ಮೇಲೆ ಕಂಬಳಿ ಹೊದಿಸಿ ಬಿಚ್ಚಿ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ತಿಳಿಯಲು ಶಂಟ್ (ಹೋಗಿ ಬರುವ ಕರೆಂಟ್ ಅಳೆಯುವ ಲೋಹದ ತುಂಡು) ಇರುವ ಮೀಟರ್ ಹಾಕಿ. ಲೆಡ್ ಆಸಿಡ್ ಆದರೆ ವೋಲ್ಟ್ ನೋಡಿ ಊಹಿಸಬಹುದು: ಸುಮ್ನಿದ್ದಾಗ 12.7 ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಲಿಥಿಯಂ ಬಹಳ ಹೊತ್ತು 13.2-13.3ರಲ್ಲೇ ನಿಂತು, ಕೊನೆಗೆ ದಿಢೀರನೆ ಬೀಳುತ್ತದೆ.

9. ಮನೆ ಮುಂದೆ ಒಂದು ರಾತ್ರಿ

ಕಾಡಿಗೆ ಹೋಗುವ ಮೊದಲು ಅಂಗಳದಲ್ಲೇ ಟ್ರೇಲರ್ ನಿಲ್ಲಿಸಿ ಎಲ್ಲವನ್ನೂ ಓಡಿಸಿ. ಒಂದು ಗಂಟೆ ಆದ ಮೇಲೆ ಬ್ಯಾಟರಿಯ ತುದಿಯಲ್ಲಿ ವೋಲ್ಟ್ ನೋಡಿ, ಫ್ಯಾನಿನ ತುದಿಯಲ್ಲಿ ನೋಡಿ. ಅಂತರ 0.4ಕ್ಕಿಂತ ಜಾಸ್ತಿ ಇದ್ದರೆ ಎಲ್ಲೋ ಜೋಡಣೆ ಸಡಿಲ, ಇಲ್ಲವೇ ವೈರು ಸಣ್ಣದು. ಥಿಂಬಲ್, ಫ್ಯೂಸ್ ಹೋಲ್ಡರ್‌ಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಚ್ಚಿ ಮತ್ತೆ ಒತ್ತಿ. ಮೊದಲ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಸ್ಕ್ರೂ ಒಮ್ಮೆ ಬಿಗಿ ಮಾಡಿ. ಈ ರಸ್ತೆಗಳಲ್ಲಿ ಸಡಿಲವಾಗದ ಸ್ಕ್ರೂ ಇಲ್ಲ.

10. ಧೂಳು, ನೀರು, ಇಲಿ

ಎರೆ ಮಣ್ಣಿನ ಧೂಳು ಒರೆಸಿದರೆ ಹೋಗುತ್ತದೆ. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಧೂಳು ಹಾಗಲ್ಲ. ಇಬ್ಬನಿ ಬಿದ್ದರೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ಒಣಗಿದ್ದಾಗಲೇ ಮೆತ್ತನೆ ಬ್ರಷ್ಷಿನಿಂದ ಉದುರಿಸಿ, ಆಮೇಲೆ ನೀರು. ಬೋರ್‌ವೆಲ್ ನೀರು ಹಾಕಿ ಹಾಗೇ ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ, ಬಟ್ಟೆಯಿಂದ ಒರೆಸಿ ಒಣಗಿಸಿ. ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಲೆಡ್ ಆಸಿಡ್ ಬ್ಯಾಟರಿಗೆ ಮಾತ್ರ ಬೋರ್ ನೀರು ಒಂದು ಹನಿಯೂ ಬೇಡ, ಡಿಸ್ಟಿಲ್ಡ್ ವಾಟರ್ ತನ್ನಿ.

ಮಿಂಚು-ಗುಡುಗು ಶುರುವಾದರೆ ಪ್ಯಾನೆಲಿನ ಪ್ಲಗ್ ಕಿತ್ತು ಒಳಗೆ ತಗೊಳ್ಳಿ. ಮರದ ಕೆಳಗಿನ ನೆರಳು ಆಗ ಒಳ್ಳೆಯದಲ್ಲ, ಟ್ರೇಲರನ್ನೂ ಬಯಲಿಗೆ ಎಳೆಯಿರಿ. ಮೋಡ ಕಟ್ಟುವ ಲಕ್ಷಣ ಕಂಡಾಗಲೇ ಈ ಕೆಲಸ ಮುಗಿಸಿಕೊಂಡರೆ ಮಳೆಯಲ್ಲಿ ಓಡಾಡುವುದು ತಪ್ಪುತ್ತದೆ. ಚಿಂಚೋಳಿ ವನ್ಯಜೀವಿ ಧಾಮದೊಳಗೆ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಟ್ರೇಲರಿಗೂ ಆರ್‌ಟಿಓ ನೋಂದಣಿ ಬೇಕು. ಎರಡೂ ಕಾಗದ ಗಾಡಿಯಲ್ಲಿರಲಿ.

ವಾಪಸ್ ಬಂದು ಟ್ರೇಲರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಲಿಥಿಯಂ ಬ್ಯಾಟರಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟು ಮುಖ್ಯ ಸ್ವಿಚ್ ಆಫ್ ಮಾಡಿ. ಆಗುವುದಾದರೆ ಬಿಚ್ಚಿ ಮನೆಯ ತಂಪು ಕೋಣೆಯಲ್ಲಿಡಿ. ಲೆಡ್ ಆಸಿಡ್ ಆದರೆ ಪೂರ್ತಿ ತುಂಬಿಸಿಡಬೇಕು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ನಿಂತ ಗಾಡಿಯ ವೈರು ಇಲಿಗೆ ಬಲು ಪ್ರೀತಿ. ವೈರುಗಳನ್ನು ಕೊಳವೆಯೊಳಗೆ ಹಾಯಿಸಿ, ನೆಲದ ತೂತುಗಳಿಗೆ ಸ್ಟೀಲ್ ಜಾಲರಿ ತುಂಬಿ. ಮುಂದಿನ ಸಲ ಹೊರಡುವಾಗ ಸ್ವಿಚ್ ಹಾಕುವ ಮೊದಲು ಟಾರ್ಚ್ ಹಿಡಿದು ವೈರು ಪೂರ್ತಿ ಒಂದು ಸುತ್ತು ನೋಡಿಬಿಡಿ.